ಬ್ರೇಕಿನೊಳಗಿನ ಗಾಳಿ

ಕಳೆದ ಗುರುವಾರ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ನಿಂತು ಬೇಳೆಗೆ ಒಗ್ಗರಣೆ ಹಾಕುತ್ತಿದ್ದೆ. ಅದೇ ಹೊತ್ತಿಗೆ ಅಂಗಳದಲ್ಲಿದ್ದ ಕಾರಿನೊಳಗೆ ಕೂತು ಬ್ರೇಕನ್ನೂ ಒತ್ತುತ್ತಿದ್ದೆನಂತೆ. ಸಾಕ್ಷಿ ಬೇರೆ ಯಾರೂ ಅಲ್ಲ, ಕಟ್ಟಿಕೊಂಡ ಗಂಡ.

ನಗಬೇಡಿ. ಮೊದಲು ನಾನೂ ನಕ್ಕಿದ್ದೆ.

ನಮ್ಮ ಯಜಮಾನರ ಕಾರಿನ ಹುಚ್ಚು ಈ ಅಂಕಣ ಓದುವವರಿಗೆ ಹೊಸದೇನಲ್ಲ. ಹೊಸಬರಿಗೆ ಹೇಳುತ್ತೇನೆ: ಹೆಸರು ಶರಣಪ್ಪ, ಮನೆ ವಾಡಿಯಲ್ಲಿ, ವ್ಯಾಪಾರ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನದು. ಬೀಡಿ ಇಲ್ಲ, ಎಲೆ ಅಡಿಕೆ ಇಲ್ಲ, ಇಸ್ಪೀಟು ಇಲ್ಲ. (ನಮ್ಮಪ್ಪ ಇಷ್ಟು ವಿಚಾರಿಸಿ ಹೆಣ್ಣು ಕೊಟ್ಟರು. ರೇಸಿನ ಹುಚ್ಚಿದೆಯೇ ಎಂದು ಕೇಳಲು ಅವರಿಗಾದರೂ ಹೇಗೆ ಹೊಳೆಯಬೇಕು?)

ಶಹಾಬಾದಿನ ಆಚೆ ಒಂದು ಹಳೆಯ ಖಣಿ ಇದೆ. ಕಲ್ಲು ತೆಗೆಯುವುದು ನಿಂತು ಎಷ್ಟೋ ಕಾಲವಾಯಿತು. ಅಲ್ಲಿಗೆ ಲಾರಿ ಹೋಗಲೆಂದು ಮಾಡಿದ ರೋಡು ಮಾತ್ರ ಹಾಗೇ ಉಳಿದಿದೆ, ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ. ವರ್ಷಕ್ಕೊಂದು ಭಾನುವಾರ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಲಾರಿ ಮಾಲೀಕರು, ಗುತ್ತೇದಾರರು ಎಲ್ಲ ಅಲ್ಲಿ ಸೇರುತ್ತಾರೆ. ಎರಡು ಗಾಡಿ ಪಕ್ಕಪಕ್ಕ ನಿಲ್ಲಿಸುವುದು, ಒಬ್ಬ ಟವೆಲ್ ಬೀಸುವುದು, ಇವರು ಬಿಟ್ಟ ಬಾಣದಂತೆ ಹೋಗುವುದು. ತಿರುವಿಲ್ಲ, ಮುರುವಿಲ್ಲ. ಹೋಗಬೇಕು, ನಿಲ್ಲಬೇಕು, ಅಷ್ಟೇ.

ನಿಲ್ಲದಿದ್ದರೆ? ರೋಡು ಮುಗಿಯುವಲ್ಲಿ ಖಣಿ. ಅದರ ತುಂಬ ಹಸಿರುಗಟ್ಟಿದ ನೀರು. ಹೋದ ವರ್ಷ ಒಂದು ಜೀಪಿನ ಮುಂದಿನ ಗಾಲಿಗಳು ಅಂಚು ದಾಟಿ ಗಾಳಿಯಲ್ಲಿ ತಿರುಗುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವತ್ತು ಮನೆಗೆ ಬಂದವಳೇ ಹೇಳಿದೆ: "ನಿಮ್ಮ ಎಂಜಿನ್ ಏನರೆ ಮಾಡ್ಕೋರಿ. ಮೊದಲ ಬ್ರೇಕ್ ಛಲೋ ಮಾಡ್ರಿ. ಇಲ್ಲಾಂದ್ರ ನನ್ನ ಹೆಣದ ಮ್ಯಾಲೆ ಹಾದು ಹೋಗ್ರಿ."

ಮಾತು ನಾಟಿತು. ಹೈದರಾಬಾದಿನ ಗುಜರಿಯಿಂದ ಯಾವುದೋ ಫಾರಿನ್ ಕಾರಿನ ಡಿಸ್ಕ್ ಬ್ರೇಕ್ ತಂದು ಮುಂದಿನ ಎರಡು ಗಾಲಿಗೆ ಕೂಡಿಸಿದರು. ಹಿಂದೆ ಹಳೆಯ ಡ್ರಮ್ ಬ್ರೇಕೇ ಇರಲಿ ಎಂದರು. ಪೆಡಲ್ ಹಗುರ ಮಾಡುವ ಬೂಸ್ಟರ್ ಗೀಸ್ಟರ್ ಏನೂ ಇಲ್ಲ. ಇವರು ಎಂಜಿನ್ನನ್ನು ಕೆದಕಿ ಕೆದಕಿ ಎಲ್ಲಿಗೆ ತಂದಿದ್ದಾರೆಂದರೆ, ಬೂಸ್ಟರ್ ಹಾಕಿದರೂ ಅದಕ್ಕೆ ಬೇಕಾದ ಎಳೆತವನ್ನು ಆ ಎಂಜಿನ್ ಕೊಡುವುದಿಲ್ಲವಂತೆ. ಹಾಗಾಗಿ ಕಾಲಿನ ಬಲವೇ ಗತಿ.

ಬ್ರೇಕ್ ಕೂಡಿಸಿದ ಮೇಲೆ ಪೈಪಿನೊಳಗೆ ಸೇರಿದ ಗಾಳಿ ತೆಗೆಯಬೇಕು. ಎಣ್ಣೆಯ ನಡುವೆ ಒಂದು ಗುಳ್ಳೆ ಉಳಿದರೂ ಪೆಡಲ್ ಮೆತ್ತಗಾಗುತ್ತದೆ, ಒತ್ತಿದರೆ ಗಾಡಿ ನಿಲ್ಲುವುದಿಲ್ಲ. ಇದು ಇಬ್ಬರ ಕೆಲಸ. ಅವರು ಗಾಲಿಯ ಹತ್ತಿರ ಸ್ಪ್ಯಾನರ್ ಹಿಡಿದು ಮಲಗುತ್ತಾರೆ, ನಾನು ಸೀಟಿನಲ್ಲಿ. ಅವರು "ಹಿಡಿ" ಎಂದಾಗ ನಾನು ಪೆಡಲ್ ಒತ್ತಿ ಹಿಡಿದು "ಹಿಡದೀನಿ" ಅನ್ನಬೇಕು. ಆ ಮಾತು ಬಂದ ಮೇಲೇ ಅವರು ಗಾಲಿಯ ಹಿಂದಿನ ಸಣ್ಣ ತಿರುಪು, ಅಂದರೆ ನಿಪ್ಪಲ್, ಬಿಚ್ಚುವುದು. ಕೆಳಗಿಟ್ಟ ಬಾಟಲಿಗೆ ಎಣ್ಣೆ ಚಿಮ್ಮುತ್ತದೆ, ಗುಳ್ಳೆ ಹೊರಗೆ ಬರುತ್ತದೆ. ನಿಪ್ಪಲ್ ಮುಚ್ಚಿ "ಬಿಡು" ಎಂದ ಮೇಲೇ ನಾನು ಕಾಲು ತೆಗೆಯುವುದು. ಒಬ್ಬರಿಗೊಬ್ಬರು ಕಾಣುವುದಿಲ್ಲ. ದನಿ ನಂಬಿಯೇ ಎಲ್ಲ.

ಗುರುವಾರ ಹಿಂದಿನ ಒಂದು ಗಾಲಿ ಮುಗಿದಿತ್ತು. ಊರಿನ ಸಿಮೆಂಟ್ ಫ್ಯಾಕ್ಟರಿಯ ಭೋಂಗಾ ಕೂಗಿ ಸುಮ್ಮನಾಯಿತು. ರಣಗುಟ್ಟುವ ಬಿಸಿಲು. ಸಿಮೆಂಟಿನ ಬಿಳಿ ಧೂಳು ಗಿಡ, ಗೋಡೆ, ಕಾರು ಎಲ್ಲದರ ಮೇಲೂ ಕೂತಿತ್ತು. ಒಂದು ಕಾಗೆ ಕೂಡ ಕೂಗುತ್ತಿರಲಿಲ್ಲ. ಒಳಗಿನಿಂದ ಬೇಳೆ ಉಕ್ಕಿದ ವಾಸನೆ ಬಂತು. "ಒಳಗ ಹೋಗಿ ಬರ್ತೀನ್ರಿ" ಎಂದು ಹೇಳಿಯೇ ಎದ್ದೆ. ಅವರಿಗೆ ಕೇಳಿಸಲಿಲ್ಲ. (ನಾನು ಹೇಳುವುದು ಅವರಿಗೆ ಯಾವತ್ತು ಕೇಳಿಸಿದೆ?)

ಬೇಳೆ ಇಳಿಸಿ, ಒಗ್ಗರಣೆ ಹಾಕಿ, ಒಲೆ ಒರೆಸಿ ಹೊರಗೆ ಬಂದೆ. ಇವರು ಮುಂದಿನ ಕೊನೆಯ ಗಾಲಿಯ ಹತ್ತಿರ ಕೈ ಒರೆಸಿಕೊಳ್ಳುತ್ತ ಕೂತಿದ್ದರು. ಮುಖದಲ್ಲಿ ಗೆದ್ದ ಕಳೆ.

"ಮುಗೀತು ನೋಡು! ಭೇಷ್ ಮಾಡಿದಿ ಇವತ್ತ. ಒಂದ್ ಸರ್ತಿನೂ ಗಡಿಬಿಡಿ ಮಾಡಲಿಲ್ಲ. ಎಲ್ಲಾ ಗಾಳಿ ಹೋತು" ಎಂದರು.

"ಯಾರು ಮಾಡಿದ್ರು? ನಾ ಒಳಗಿದ್ದೆ" ಎಂದು ನಕ್ಕೆ.

"ಚೇಷ್ಟಾ ಸಾಕು."

"ಖರೇನ ಒಳಗಿದ್ದೆರಿ. ಬ್ಯಾಳಿ ಉಕ್ಕಾಕತ್ತಿತ್ತು."

"ಮತ್ತ ಹಿಡದೀನಿ, ಹಿಡದೀನಿ ಅಂತ ಯಾರಂದ್ರು?"

ಇಬ್ಬರೂ ಒಟ್ಟಿಗೇ ಕಾರಿನ ಕಡೆ ನೋಡಿದೆವು. ಬಾಗಿಲು ನಾನು ಬಿಟ್ಟು ಹೋದಂತೆ ತೆರೆದೇ ಇತ್ತು. ಸೀಟಿನ ಮೇಲೆ ತೆಳ್ಳಗೆ ಧೂಳು ಬಿದ್ದಿತ್ತು, ಯಾರೂ ಕೂತ ಗುರುತಿಲ್ಲ. ಆದರೆ ಬಾಟಲಿಯಲ್ಲಿ ಎಣ್ಣೆ ಇತ್ತು. ಪೆಡಲ್ ಒತ್ತದೆ ಅಷ್ಟು ಎಣ್ಣೆ ಹೊರಗೆ ಬರುವುದಾದರೂ ಹೇಗೆ? ಅವರು ಕೈಯಿಂದ ಪೆಡಲ್ ಒತ್ತಿ ನೋಡಿದರು. ಕಲ್ಲಿನ ಹಾಗೆ ಗಟ್ಟಿ.

ನಾನು ಸೆರಗು ಮೈತುಂಬ ಹೊದ್ದುಕೊಂಡೆ. ಆ ಬಿಸಿಲಿನಲ್ಲಿ!

"ಅಂದ್ರ ನನ್ನ ಬಿಟ್ಟು ಬ್ಯಾರೆ ಯಾರೋ ಕುಂತಿದ್ರು" ಎಂದೆ.

"ಹುಚ್ಚಿ. ನಿನ್ನ ದನಿನೇ ಇತ್ತು" ಎಂದು ಗದರಿದರು. ಆದರೆ ಗದರಿಕೆಯಲ್ಲಿ ಜೀವ ಇರಲಿಲ್ಲ. ಗಾಡಿಯನ್ನು ನೆರಳಿಗೆ ದೂಡೋಣ ಎಂದು ಹಿಂದೆ ಹೋಗಿ ಹೆಗಲು ಕೊಟ್ಟರು. ಗಾಡಿ ಅಲುಗಲಿಲ್ಲ. ಗೇರಿನಲ್ಲಿಲ್ಲ, ಹ್ಯಾಂಡ್‌ಬ್ರೇಕ್ ಹಾಕಿಲ್ಲ. ನಾನೂ ಕೈಹಚ್ಚಿದೆ. ಊಹೂಂ. ಒಳಗೆ ಯಾರೋ ಪೆಡಲ್ ಮೇಲೆ ಕಾಲಿಟ್ಟು ಕೂತ ಹಾಗೆ.

"ಗಾಳಿ ತೆಗಿಬೇಕಿತ್ತು, ಇದೇನಾತು?" ಎಂದು ಇವರು ಜೋರಾಗಿಯೇ ಅಂದರು. ಪಕ್ಕದ ಮನೆಯ ಶಾಂತಕ್ಕನ ಕಿವಿಗೆ ಬಿದ್ದದ್ದು 'ಗಾಳಿ' ಅಷ್ಟೇ. ನನ್ನ ಬಿಳಿಚಿದ ಮುಖ ಬೇರೆ ಕಂಡಿತು. ಓಡಿ ಹೋಗಿ ಉಪ್ಪು, ಮೆಣಸಿನಕಾಯಿ ತಂದಳು. "ಯವ್ವಾ, ನಡು ಮಧ್ಯಾಹ್ನ ತಲಿ ಬಿಟ್ಕೊಂಡು ಹೊರಗ ಕುಂತ್ರ ಗಾಳಿ ಬಡೀಲಾರದ ಏನಾಗ್ತದ?" ಎಂದು ನನ್ನ ದೃಷ್ಟಿ ತೆಗೆದಳು. ಬೇರೆ ದಿನವಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಅವತ್ತು ಬಾಯಿ ಮುಚ್ಚಿಕೊಂಡು ತೆಗೆಸಿಕೊಂಡೆ.

ಮರುದಿನ ಮೆಕ್ಯಾನಿಕ್ ಮಹಬೂಬ್ ಭಾಯಿ ಬಂದರು. ಬಗ್ಗಿ, ತಟ್ಟಿ, ಮುಂದಿನ ಗಾಲಿ ಎತ್ತಿ ತಿರುಗಿಸಿ ನೋಡಿ ನಕ್ಕರು.

"ಅರೇ ಭಾಭಿ, ಭೂತ ಗೀತ ಏನಿಲ್ರಿ. ಇದು ಡ್ರಮ್ ಬ್ರೇಕಿನ ಹಳೇ ಸಿಲಿಂಡರ್ ಅದ. ಇದರ ಬಾಯಾಗ ಒಂದು ಸಣ್ಣ ವಾಲ್ವ್ ಇರ್ತದ, ಸ್ವಲ್ಪ ಜೋರು ಪೈಪಿನಾಗ ಹಿಡಕೊಂಡಿರ್ತದ. ಡ್ರಮ್ಮಿಗೆ ಅದು ಬೇಕು. ಡಿಸ್ಕಿಗೆ ಬ್ಯಾಡ. ಡಿಸ್ಕ್ ಹಿಡದದ್ದು ಬಿಡಂಗೇ ಇಲ್ಲ. ಸಾಹೇಬ್ರು ಮುಂದಿನ ಲೈನಿಂದು ತೆಗೆಯೋದು ಮರ್ತಾರ."

ವಾಲ್ವ್ ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು. ಗಾಡಿ ಹಗುರಾಗಿ ಉರುಳಿತು. ನನಗೂ ಎದೆ ಹಗುರಾಯಿತು. ಆದರೂ ಕೇಳಿದೆ: "ಅಲ್ರಿ ಭಾಯಿ, ಮಾತಾಡಿದ್ದು ಯಾರು ಮತ್ತ? ವಾಲ್ವ್ ಮಾತಾಡ್ತದೇನು?"

ಮಹಬೂಬ್ ಭಾಯಿ ನಗು ನಿಲ್ಲಿಸಿದರು. ಸ್ಪ್ಯಾನರ್‌ಗಳನ್ನು ಚೀಲಕ್ಕೆ ಹಾಕಿಕೊಂಡರು. "ಪೈಪ್ ಬಿಚ್ಚೀನಿ, ಮತ್ತ ಗಾಳಿ ಹೊಕ್ಕಿರ್ತದ. ನೀವಿಬ್ರೇ ಇನ್ನೊಂದ್ಸಲ ತೆಗೀರಿ. ನನಗ ಜುಮ್ಮಾ ನಮಾಜಿಗೆ ಹೊತ್ತಾತು" ಎಂದು ಹೊರಟೇಬಿಟ್ಟರು. ಚಹಾ ಕುಡಿಯದೆ ಆ ಮನುಷ್ಯ ನಮ್ಮ ಮನೆಯಿಂದ ಹೋದದ್ದು ಅದೇ ಮೊದಲು.

ಶನಿವಾರ ಬೆಳಗ್ಗೆ ಮತ್ತೆ ಕೂತೆವು. ಮರುದಿನವೇ ರೇಸು. ನಾನು ತಲೆ ಬಾಚಿ, ಹೆರಳು ಬಿಗಿದು, ಒಲೆ ಹಚ್ಚದೆ ಬಂದಿದ್ದೆ. ಏನೇ ಆದರೂ ಸೀಟು ಬಿಟ್ಟು ಏಳಬಾರದು ಎಂದು ಹಟ. ನನ್ನ ಕಾಲ ಕೆಳಗಿನ ಆ ಪೆಡಲ್ ಸರಿಯಾಗಿದ್ದರೆ ನಾಳೆ ಈ ಮನುಷ್ಯ ಮನೆಗೆ ಬರುತ್ತಾನೆ, ಇಲ್ಲದಿದ್ದರೆ ಆ ಹಸಿರು ನೀರು. ಇಷ್ಟು ಭಯವಾದದ್ದು ನನಗೆ ಹೆರಿಗೆಯ ಹೊತ್ತಿನಲ್ಲೂ ನೆನಪಿಲ್ಲ.

ಕೆಳಗಿನಿಂದ ದನಿ ಬಂತು: "ಹಿಡಿ."

ಎರಡೂ ಕಾಲು ಕೊಟ್ಟು ಒತ್ತಿದೆ. "ಹಿಡದೀನ್ರಿ."

ನಿಪ್ಪಲ್ ಬಿಚ್ಚಲಿಲ್ಲ.

"ಹಿಡದೀನಿ ಅಂದೆನಲ್ರಿ! ಕಾಲು ನೋಯ್ತಾವ."

ಅವರು ತೆವಳಿಕೊಂಡು ಹೊರಗೆ ಬಂದರು. ಬಾಗಿಲ ಹತ್ತಿರ ನಿಂತು ನನ್ನ ಮುಖ ನೋಡಿದರು, ಪಾದ ನೋಡಿದರು, ಮತ್ತೆ ಮುಖ ನೋಡಿದರು. ಸಂತೆಯಲ್ಲಿ ಗುರುತು ಸಿಗದವರನ್ನು ನೋಡುವ ಹಾಗೆ.

"ಈಗ ಮಾತಾಡಿದಾಕಿ ನೀನೇ ಏನು?"

"ಮತ್ಯಾರು? ಏನಾಗ್ಯಾದ ನಿಮಗ?"

"ದನಿ ಬ್ಯಾರೆ ಅದ."

"ಯಾವ ದನಿ ಬ್ಯಾರೆ? ಮೊನ್ನಿದು ಬ್ಯಾರೆ. ಇದು ನಂದು."

ಅವರು ನಿಧಾನವಾಗಿ ತಲೆಯಾಡಿಸಿದರು. "ಇಲ್ಲ. ಮೊನ್ನಿದು ನಿಂದು. ಮದುವಿ ಆದಾಗಿಂದ ದಿನಾ ಕೇಳೀನಿ, ನಂಗ ಗೊತ್ತಾಗಲ್ಲೇನು? ಇದು... ಇದು ಯಾರದೋ ಗೊತ್ತಿಲ್ಲ."

ಸ್ಪ್ಯಾನರ್ ಕೆಳಗಿಟ್ಟರು. ಯಾರ ಮಾತು ನಂಬಿ ನಿಪ್ಪಲ್ ಬಿಚ್ಚಬೇಕೋ ತಿಳಿಯದವನು ಖಣಿಯ ಕಡೆ ಗಾಡಿ ಬಿಡುವುದು ಹೇಗೆ? ರೇಸಿಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದರು. ಕಾರಿನ ಮೇಲೆ ತಾಡಪತ್ರಿ ಹೊದಿಸಿದರು.

ಅಂತೂ ನಾನು ಗೆದ್ದೆ. ಭಾನುವಾರ ನನ್ನ ಗಂಡ ಮನೆಯಲ್ಲೇ ಇದ್ದರು, ಎರಡು ಸಲ ಚಹಾ ಕೇಳಿದರು, ಪಡಸಾಲೆಯಲ್ಲಿ ಮಲಗಿ ನಿದ್ದೆ ಮಾಡಿದರು. ದೇವರಿಗೆ ಕಾಯಿ ಒಡೆಸಬೇಕು, ಒಡೆಸುತ್ತೇನೆ. ಜೀವ ಉಳಿಯಿತಲ್ಲ, ಉಳಿದದ್ದೆಲ್ಲ ಆಮೇಲೆ.

ಆದರೆ ಒಂದು ಮಾತು ನನ್ನನ್ನು ಕೊರೆಯುತ್ತಿದೆ, ನೀವೇ ಹೇಳಿ: ಇಷ್ಟು ವರ್ಷ ಈ ಮನೆಯಲ್ಲಿ ಅವರು ಕರೆದಾಗಲೆಲ್ಲ ಓಗೊಡುತ್ತಿದ್ದವಳು ಯಾರು?