ಫೋನಿನ ಮೂಲೆಯಲ್ಲಿ ತಮ್ಮನ ಮುಖ

ಮೊಬೈಲಿನಲ್ಲಿ ಬರುವ ಜಾಹೀರಾತು ಮನುಷ್ಯರ ಅಭಿಪ್ರಾಯವನ್ನು ತಿರುಗಿಸುತ್ತದೆಯೇ ಎಂದು ಯಾರಾದರೂ ಕೇಳಿದರೆ ಹೌದು ಎನ್ನಲು ನಾನು ಸ್ವಲ್ಪವೂ ತಡ ಮಾಡುವುದಿಲ್ಲ. ಶಾಲೆಯಲ್ಲಿ ಸಮಾಜ ಪಾಠ ಮಾಡುವವಳು ನಾನು. ಕಂಡದ್ದನ್ನೆಲ್ಲ ನಂಬಬೇಡಿ ಎಂದು ಮಕ್ಕಳ ಕಿವಿ ತೂತಾಗುವಷ್ಟು ಹೇಳಿದ್ದೇನೆ. ಆದರೆ ಈ ವಿಷಯ ನನಗೆ ನಿಜವಾಗಿ ತಿಳಿದದ್ದು ಕುಲಶೇಖರದಲ್ಲಿರುವ ನನ್ನ ತವರುಮನೆಯ ಚಾವಡಿಯಲ್ಲಿ, ಅಮ್ಮನ ಬಲಗಾಲಿನ ಗಂಟಿನ ದೆಸೆಯಿಂದ.

ಆ ಮನೆಯಲ್ಲಿ ಈಗ ಇರುವುದು ಅಮ್ಮ ಮತ್ತು ತಮ್ಮನ ಹೆಂಡತಿ. ತಮ್ಮ ದುಬೈಯಲ್ಲಿ ಒಂದು ಕಂಪೆನಿಯ ಗೋದಾಮು ನೋಡಿಕೊಳ್ಳುತ್ತಾನೆ. ನಾನು ಮದುವೆಯಾಗಿ ಬಂದದ್ದು ಕಂಕನಾಡಿಗೆ. ಗಂಡನ ಹತ್ತಿರ ಮುನಿಸಿಕೊಂಡು ಹೊರಟರೆ ಕೋಪ ಆರುವ ಮೊದಲೇ ತವರು ತಲುಪುವಷ್ಟು ಹತ್ತಿರ. ಭಾನುವಾರದ ಊಟ ಯಾವಾಗಲೂ ಅಲ್ಲಿಯೇ.

ಅಮ್ಮನಿಗೆ ಎಪ್ಪತ್ತು ದಾಟಿದೆ. ಮೊದಲೆಲ್ಲ ಅವರೇ ಸಿಟಿ ಬಸ್ಸು ಹಿಡಿದು ಕಂಕನಾಡಿ ಮಾರ್ಕೆಟಿಗೆ ಬರುತ್ತಿದ್ದರು. ಮೀನನ್ನು ಬೇರೆಯವರು ತಂದುಕೊಟ್ಟರೆ ಅವರಿಗೆ ಸಮಾಧಾನವಿಲ್ಲ. ಬಂಗುಡೆಯ ಕಿವಿರು ಎತ್ತಿ ನೋಡಿ, ಮೀನಿನವಳ ಜೊತೆ ಒಂದಿಷ್ಟು ಜಗಳಾಡಿ, ಅವಳ ಮನೆಯ ಸುದ್ದಿಯನ್ನೂ ಕೇಳಿ, ಆಮೇಲೆ ನನ್ನಲ್ಲಿಗೆ ಬಂದು ಚಹಾ ಕುಡಿದು ಹೋಗುವುದು ಅವರ ಕ್ರಮ. ಗಂಟುನೋವು ಶುರುವಾದ ಮೇಲೆ ಮೊದಲು ಬಸ್ಸಿನ ಮೆಟ್ಟಿಲು ಕಷ್ಟವಾಯಿತು, ಆಮೇಲೆ ಮನೆಯಿಂದ ರಸ್ತೆಗೆ ಇಳಿಯುವ ಓಣಿ ಕಷ್ಟವಾಯಿತು. ಮಳೆ ಹಿಡಿಯುವ ಹೊತ್ತಿಗೆ ಕೋಣೆಯಿಂದ ಬಚ್ಚಲಿಗೆ ಗೋಡೆ ಹಿಡಿದುಕೊಂಡು ಹೋಗುವ ಸ್ಥಿತಿ.

ಡಾಕ್ಟರು ಎಕ್ಸ್‌ರೇ ತೋರಿಸಿ, ಎಲುಬಿಗೆ ಎಲುಬು ತಾಗುತ್ತಿದೆ, ಗಂಟು ಬದಲಿಸುವುದೇ ಒಳ್ಳೆಯದು ಎಂದರು. ಹೃದಯ, ಸಕ್ಕರೆ ಎಲ್ಲ ಸರಿ ಇರುವಾಗಲೇ ಮಾಡಿಸಿ, ಹೀಗೇ ಬಿಟ್ಟರೆ ಕುರ್ಚಿಯಲ್ಲೇ ಕೂರಬೇಕಾದೀತು ಎಂದೂ ಹೇಳಿದರು. ಅಮ್ಮ ತಲೆಯಾಡಿಸಿದರು. ಆಟೋದಲ್ಲಿ ಮನೆಗೆ ಬರುವಾಗ ಮಾತ್ರ, "ಆಟಿ ಒಂದು ಕಳೆಯಲಿ" ಎಂದರು. ಮಳೆಗಾಲದ ಆ ಆಟಿ ತಿಂಗಳಿನಲ್ಲಿ ನಮ್ಮವರು ಒಳ್ಳೆಯ ಕೆಲಸ ಯಾವುದನ್ನೂ ಶುರು ಮಾಡುವುದಿಲ್ಲ. ನಾನೂ ಒಪ್ಪಿದೆ. ಆಟಿ ಕಳೆಯಿತು, ಆಸ್ಪತ್ರೆಯಲ್ಲಿ ದಿನ ನಿಗದಿ ಮಾಡಿಸಿ ಬಂದೆ. ಅಮ್ಮ ಆಪರೇಷನ್ನೇ ಬೇಡ ಎಂದುಬಿಟ್ಟರು.

"ಯಾಕೆ ಬೇಡ?"

"ಎಲ್ಲರೂ ಬೇಡ ಅಂತ ಹೇಳ್ತಾರೆ."

"ಯಾರು ಎಲ್ಲರೂ?"

ಅಮ್ಮ ಮಡಿಲಲ್ಲಿದ್ದ ಫೋನಿನ ಕಡೆ ಗದ್ದ ಚಾಚಿದರು. ತಮ್ಮನ ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು, "ಹೌದು ಅಕ್ಕ, ನಾನೂ ನೋಡಿದೆ. ಆಪರೇಷನ್ ಮಾಡಿಸಿದವರೆಲ್ಲ ಮತ್ತೆ ಬೇಜಾರು ಮಾಡ್ಕೊಳ್ತಾರಂತೆ" ಎಂದಳು. ದುಬೈಗೆ ಫೋನು ಹಚ್ಚಿದರೆ ತಮ್ಮನದೂ ಅದೇ ರಾಗ. "ಅಕ್ಕ, ನಾನು ಸುಮ್ಮನೆ ಹೇಳುವುದಲ್ಲ. ಎಲ್ಲಿ ನೋಡಿದ್ರೂ ಅದೇ ಉಂಟು. ಒಂದು ಎಣ್ಣೆ ಉಂಟಂತೆ, ಅದರಲ್ಲೇ ಗುಣ ಆಗ್ತದೆ."

ಎಣ್ಣೆ ಬಂದೇ ಬಿಟ್ಟಿತ್ತು. ಎಣ್ಣೆ ಮಾತ್ರ ಅಲ್ಲ, ಗಂಟಿಗೆ ಸುತ್ತುವ ಬೆಲ್ಟು, ಒಂದು ಹಸಿರು ಪುಡಿ, ಕಾಲಿಗೆ ಕಟ್ಟಿದರೆ ಗುರ್ ಎನ್ನುವ ಒಂದು ಯಂತ್ರ, ಎಲ್ಲ ಒಂದೊಂದಾಗಿ ಪಾರ್ಸೆಲ್ಲಿನಲ್ಲಿ ಬಂದು ಅಮ್ಮನ ಕೋಣೆ ಔಷಧಿ ಅಂಗಡಿಯ ವಾಸನೆ ಹೊಡೆಯುತ್ತಿತ್ತು. ಗಂಟು ಮಾತ್ರ ಇನ್ನಷ್ಟು ಊದಿಕೊಂಡಿತ್ತು. ನನಗೆ ಮೈಯೆಲ್ಲ ಉರಿಯಿತು. ಮೂವರು ಒಂದಾದರೆ ನಾನೊಬ್ಬಳು ಎಷ್ಟು ಬೊಬ್ಬೆ ಹೊಡೆಯಲಿ?

ಮರುವಾರ ತಯಾರಾಗಿಯೇ ಹೋದೆ. ಊಟವಾದ ಮೇಲೆ ಚಾವಡಿಯಲ್ಲಿ ಎಲ್ಲರನ್ನೂ ಕೂರಿಸಿ, ತಮ್ಮನನ್ನು ವೀಡಿಯೋ ಕಾಲಿನಲ್ಲಿ ಕರೆಸಿ, ಅವನ ಹೆಂಡತಿಯ ಫೋನನ್ನು ಟೀಪಾಯಿಯ ಮೇಲೆ ನೀರಿನ ಚೊಂಬಿಗೆ ಒರಗಿಸಿ ಇಟ್ಟೆ. ಆಮೇಲೆ ನನ್ನ ಫೋನು ತೆಗೆದು ಗಂಟಿನ ಆಪರೇಷನ್ ಎಂದು ಹುಡುಕಿ ಎಲ್ಲರಿಗೂ ತೋರಿಸಿದೆ. ಒಂದಾದ ಮೇಲೊಂದು ಆಸ್ಪತ್ರೆ. ಬಿಳಿಕೂದಲಿನ ಗಂಡಹೆಂಡತಿ ಬೀಚಿನಲ್ಲಿ ನಗುತ್ತ ಓಡುವ ಚಿತ್ರ. ಇವತ್ತೇ ಬುಕ್ ಮಾಡಿ ಎಂಬ ನೀಲಿ ಗುಂಡಿ.

"ನೋಡಿ, ಎಲ್ಲಿ ಬೇಡ ಅಂತ ಉಂಟು?" ಎಂದು ಗತ್ತಿನಲ್ಲಿ ಕೇಳಿದೆ.

ತಮ್ಮನ ಹೆಂಡತಿ ನನ್ನ ಫೋನನ್ನೇ ಸ್ವಲ್ಪ ಹೊತ್ತು ನೋಡಿದಳು. "ಅಕ್ಕ, ನೀವು ತಿಂಗಳಿನಿಂದ ಆಸ್ಪತ್ರೆಯನ್ನೇ ಹುಡುಕುವುದಲ್ವಾ? ನಿಮಗೆ ಅದೇ ಬರ್ತದೆ" ಎಂದಳು.

ಮಾತು ಸರಿಯಿತ್ತು. ನನಗೆ ಸಿಟ್ಟು ಬಂದದ್ದೂ ಅದಕ್ಕೇ. ಆದರೆ ಆ ಮಾತಿನ ಇನ್ನೊಂದು ತುದಿ ನನ್ನ ತಲೆಯಲ್ಲಿ ಕೊರೆಯತೊಡಗಿತು. ನಾನು ಕೇಳಿದ್ದಕ್ಕೆ ನನಗೆ ಆಸ್ಪತ್ರೆ ಬರುವುದಾದರೆ, ಇವರು ಎಂತ ಕೇಳಿದ್ದಕ್ಕೆ ಇವರಿಗೆ ಎಣ್ಣೆ ಬಂತು? ಅದೂ ಮೂವರಿಗೂ ಒಂದೇ ಎಣ್ಣೆ, ಒಂದೇ ಬೆಲ್ಟು?

ಅಮ್ಮನ ಫೋನನ್ನು ಕೈಗೆ ತೆಗೆದುಕೊಂಡೆ. ಹುಡುಕುವ ಜಾಗದ ಮೇಲೆ, ಬಲಬದಿಯ ಮೂಲೆಯಲ್ಲಿ, ಒಂದು ಸಣ್ಣ ದುಂಡು ಚಿತ್ರ. ಕಪ್ಪು ಕನ್ನಡಕ ಹಾಕಿಕೊಂಡ ತಮ್ಮ. ಅವನ ಹೆಂಡತಿಯ ಫೋನಿನಲ್ಲಿ ವೀಡಿಯೋ ಕಾಲನ್ನು ಸ್ವಲ್ಪ ಬದಿಗೆ ಸರಿಸಿ ನೋಡಿದೆ. ಅಲ್ಲಿಯೂ ಅದೇ ಮೂಲೆ, ಅದೇ ಕಪ್ಪು ಕನ್ನಡಕ.

ಗಲ್ಫಿಗೆ ಹೋದವರ ಮನೆಗಳಲ್ಲಿ ಫೋನು ಹೇಗೆ ಕೈ ಬದಲಾಗುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅಣ್ಣನ ಅಂಗಿ ತಮ್ಮನಿಗೆ ಬಂದ ಹಾಗೆ ಬರುತ್ತದೆ. ತಮ್ಮ ರಜೆಯಲ್ಲಿ ಬರುವಾಗ ತನಗೊಂದು ಹೊಸತು ಕೊಂಡು, ಹಳೆಯದನ್ನು ಹೆಂಡತಿಗೆ ಕೊಡುತ್ತಾನೆ. ಹೆಂಡತಿಯದು ಅಮ್ಮನಿಗೆ ಬರುತ್ತದೆ. ಅವನು ತನ್ನ ಈಮೇಲನ್ನು ಯಾವುದರಿಂದಲೂ ತೆಗೆಯುವುದಿಲ್ಲ. ತೆಗೆದರೆ ಫೋಟೋ ಎಲ್ಲ ಹೋಗುತ್ತದೆ ಎಂಬ ಹೆದರಿಕೆ ಅವನಿಗೂ ಇತ್ತು, ಇವರಿಗೂ ಇತ್ತು. ಹಾಗಾಗಿ ಕುಲಶೇಖರದ ಎರಡು ಫೋನು, ದುಬೈಯ ಒಂದು ಫೋನು, ಮೂರೂ ಜಾಹೀರಾತು ಕಳಿಸುವ ಕಂಪೆನಿಯ ಲೆಕ್ಕದಲ್ಲಿ ಒಬ್ಬನೇ ಮನುಷ್ಯ. ಒಬ್ಬರು ಒಂದು ವೀಡಿಯೋ ನೋಡಿದರೆ ಉಳಿದ ಇಬ್ಬರಿಗೂ ಅದರ ಬಂಧುಬಳಗವೆಲ್ಲ ಬಂದು ನಿಲ್ಲುತ್ತಿತ್ತು. ಇವರು ಮೂವರೂ ಬೇರೆಬೇರೆ ಹುಡುಕಿ ಒಂದೇ ಸತ್ಯ ಕಂಡುಕೊಂಡೆವು ಎಂದು ಬೀಗುತ್ತಿದ್ದರು.

ಇದನ್ನು ಬಿಡಿಸಿ ಹೇಳಿದೆ. ಹೇಳುವಾಗ ನನ್ನ ಧ್ವನಿ ತರಗತಿಯ ಧ್ವನಿಯೇ ಆಗಿತ್ತು, ಗೆದ್ದ ಖುಷಿಯೂ ಇತ್ತು. ತಮ್ಮ ಚೊಂಬಿನ ಮುಂದೆ ನಗತೊಡಗಿದ.

"ಅದಕ್ಕಾ ಅಕ್ಕ? ನನಗೆ ಎರಡು ತಿಂಗಳಿನಿಂದ ಗಂಟಿನ ಬೆಲ್ಟಿನದ್ದೇ ಜಾಹೀರಾತು. ನನಗೆ ಈಗಲೇ ಮುದುಕ ಆದೆನಾ ಅಂತ ಬೇಜಾರಾಗಿತ್ತು ಮಾರಾಯ್ತಿ."

"ಮತ್ತೆ ಮೊದಲು ಹುಡುಕಿದ್ದು ಯಾರು? ನೀನಾ?"

"ನಾನಲ್ಲ. ನನಗೆ ಅದಾಗಿಯೇ ಬಂದದ್ದು. ಬಂದದ್ದನ್ನು ನೋಡಿದೆ, ಒಳ್ಳೇದುಂಟು ಅಂತ ಅಮ್ಮನಿಗೆ ಕಳಿಸಿದೆ."

ಅವನ ಹೆಂಡತಿಯೂ ತಲೆಯಲ್ಲಾಡಿಸಿದಳು. ಅವಳಿಗೂ ತಾನಾಗಿ ಬಂದದ್ದೇ.

"ನಾನು ಕೇಳಿದ್ದು," ಎಂದರು ಅಮ್ಮ.

ಬೆತ್ತದ ಕುರ್ಚಿಯಲ್ಲಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದರು. ಮಧ್ಯಾಹ್ನ ಸೊಸೆ ಮಲಗಿದ ಮೇಲೆ, ಮೈಕಿನ ಚಿತ್ರ ಒತ್ತಿ ಕೇಳುತ್ತಿದ್ದರಂತೆ. ನಮ್ಮ ಮನೆಯಲ್ಲಿ ತುಳು, ಬ್ಯಾಂಕಿನಲ್ಲಿ, ಸರಕಾರಿ ಕಚೇರಿಯಲ್ಲಿ ಕನ್ನಡ. ಫೋನಿಗೆ ತುಳು ಬರುವುದಿಲ್ಲ ಎಂದು ಅಮ್ಮ ಬ್ಯಾಂಕಿನ ಕನ್ನಡದಲ್ಲಿಯೇ ಕೇಳಿದ್ದರು: ಶಸ್ತ್ರಚಿಕಿತ್ಸೆ ಮಾಡಿಸದೆ ಮೊಣಕಾಲು ಗುಣಪಡಿಸುವುದು ಹೇಗೆ, ದಯವಿಟ್ಟು ತಿಳಿಸಬೇಕು.

ತಮ್ಮನ ಹೆಂಡತಿಗೆ ನಗು ಬಂತು. ನನಗೂ ಬರುವುದರಲ್ಲಿತ್ತು. ಅಷ್ಟರಲ್ಲಿ ಅಮ್ಮ ಮುಂದುವರಿಸಿದರು.

"ಅವನ ಮುಖ ಉಂಟಲ್ಲ ಮೇಲೆ. ಅವನಿಗೆ ಮುಟ್ತದೆ ಅಂತ ಗ್ರಹಿಸಿದ್ದು ನಾನು. ಕೆಲಸದ ಹೊತ್ತಿಗೆ ಕಾಲ್ ಮಾಡಿ ಉಪದ್ರ ಕೊಡುವುದು ಯಾಕೆ ಅಂತ ಇದರಲ್ಲಿ ಕೇಳಿದೆ. ಮರುದಿನವೇ ಅವನು ವೀಡಿಯೋ ಕಳಿಸಿದ. ಮಗ ಬೇಡ ಅಂತ ಹೇಳ್ತಾ ಇದ್ದಾನೆ, ಮತ್ತೆ ನಾನು ಹೇಗೆ ಮಾಡಿಸುವುದು?"

ತಮ್ಮ ಕನ್ನಡಕ ತೆಗೆದು ಮುಖ ಒರೆಸಿಕೊಂಡ. ಅಮ್ಮ ಹೆದರಿಕೊಂಡು ಕೇಳಿದ ಒಂದು ಪ್ರಶ್ನೆ ದುಬೈಗೆ ಹೋಗಿ, ಅಲ್ಲಿಂದ ಮಗನ ತೀರ್ಮಾನವಾಗಿ ಅವರ ಮಡಿಲಿಗೇ ವಾಪಸು ಬಂದಿತ್ತು. ಅದನ್ನು ನಂಬದೆ ಇರಲು ಯಾವ ತಾಯಿಗೆ ಸಾಧ್ಯ? ನನ್ನ ಗೆದ್ದ ಖುಷಿ ಅಲ್ಲಿಗೆ ಇಳಿಯಿತು. ನನಗೆ ಅಳು ಬಂತು, ಅದನ್ನು ಅಡಗಿಸಿಕೊಳ್ಳಲೂ ಇಲ್ಲ.

ಜಾಹೀರಾತು ಹಾಕುವವರ ಬಗ್ಗೆ ನನ್ನ ಅಭಿಪ್ರಾಯ ಅವತ್ತು ಗಟ್ಟಿಯಾಯಿತು, ಇವತ್ತಿಗೂ ಹಾಗೆಯೇ ಇದೆ. ಅವರು ಹೊಸದಾಗಿ ಏನನ್ನೂ ನಮ್ಮ ತಲೆಗೆ ತುಂಬುವುದಿಲ್ಲ. ನಮ್ಮದೇ ಹೆದರಿಕೆಯನ್ನು ತೆಗೆದುಕೊಂಡು ಊರವರೆಲ್ಲ ಹೇಳುತ್ತಿದ್ದಾರೆ ಎನ್ನುವ ಹಾಗೆ ತಿರುಗಿ ಕೊಡುತ್ತಾರೆ, ಜೊತೆಗೆ ಒಂದು ಬಾಟಲಿ ಎಣ್ಣೆಯನ್ನೂ ಮಾರುತ್ತಾರೆ. ನನ್ನ ಫೋನಿನ ಬೀಚಿನ ಗಂಡಹೆಂಡತಿಯೂ ಇದೇ ಜಾತಿಯವರು. ಅಮ್ಮನಿಗೆ ಬೇಕಾದ ಉತ್ತರ ಅವರ ಹತ್ತಿರವೂ ಇರಲಿಲ್ಲ.

"ಅಮ್ಮ, ಅವನು ಇಲ್ಲೇ ಇದ್ದಾನೆ. ಈಗ ಕೇಳಿ," ಎಂದು ಫೋನನ್ನು ಅವರ ಕೈಗೆ ಕೊಟ್ಟೆ.

ಅಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಈ ಸಲ ತುಳುವಿನಲ್ಲಿಯೇ ಕೇಳಿದರು. "ಮಗಾ, ನಾನು ಆಪರೇಷನ್ ಮಾಡಿಸಬೇಕಾ?"

ಅವನು ಫೋನನ್ನು ಮುಖದ ಹತ್ತಿರ ತಂದುಕೊಂಡ. "ನನಗೆ ಗೊತ್ತಿಲ್ಲ ಅಮ್ಮ," ಎಂದ. "ನಿಮಗೆ ಎಂತ ಹೆದರಿಕೆ?"

ಎರಡು ತಿಂಗಳಿನಲ್ಲಿ ಅಷ್ಟು ವೀಡಿಯೋಗಳಲ್ಲಿ ಒಂದಾದರೂ ಅಮ್ಮನನ್ನು ಹೀಗೆ ತಿರುಗಿ ಕೇಳಿರಲಿಲ್ಲ. ಬೊಬ್ಬೆ ಹೊಡೆಯುವ ಭರದಲ್ಲಿ ನಾನೂ ಕೇಳಿರಲಿಲ್ಲ.

"ಈಗ ಗೋಡೆ ಹಿಡ್ಕೊಂಡಾದ್ರೂ ಬಚ್ಚಲಿಗೆ ನಾನೇ ಹೋಗ್ತೇನೆ," ಎಂದರು ಅಮ್ಮ. "ಕೊಯ್ದ ಮೇಲೆ ಅದೂ ಆಗದಿದ್ರೆ? ಸೊಸೆ ಬಂದು ನನ್ನನ್ನು ಮೀಯಿಸಬೇಕಾ? ನನಗೆ ಅದು ಆಗುವುದಿಲ್ಲ ಮಗಾ."

ಸೊಸೆ ಎದ್ದು ಹೋಗಿ ಅಮ್ಮನ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಊದಿದ ಗಂಟಿನ ಮೇಲಿದ್ದ ಬೆಲ್ಟಿನ ಪಟ್ಟಿಯನ್ನು ಮೆಲ್ಲ ಬಿಚ್ಚಿ ಬದಿಗಿಟ್ಟಳು.

ಸೋಮವಾರ ಶಾಲೆಗೆ ರಜೆ ಹಾಕಿ ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಬಾಯಿ ಮುಚ್ಚಿಕೊಂಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡಿದ್ದೆ, ಹಾಗೆಯೇ ಇದ್ದೆ. ಅಮ್ಮ ಬ್ಯಾಂಕಿನ ಕನ್ನಡದಲ್ಲಿ, ಆದರೆ ನೇರವಾಗಿ ಕೇಳಿದರು: "ಆಪರೇಷನ್ ಆದ ಮೇಲೆ ಬಚ್ಚಲಿಗೆ ನಾನೇ ಹೋಗುವುದು ಯಾವಾಗ?"

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಸ್ವಲ್ಪ ದಿನ ಒಬ್ಬರು ಹಿಡ್ಕೊಳ್ಳಬೇಕಮ್ಮ. ವಾಕರ್ ಕೊಡ್ತೇವೆ, ಬೇಗನೇ ನಡೆಸ್ಲಿಕ್ಕೆ ಶುರು ಮಾಡ್ತೇವೆ. ಆಮೇಲೆ ನೀವೇ ಹೋಗಬಹುದು. ನೂರಕ್ಕೆ ನೂರು ಅಂತ ಯಾರೂ ಹೇಳ್ಲಿಕ್ಕೆ ಆಗುವುದಿಲ್ಲ. ಆದ್ರೆ ನನಗೆ ಧೈರ್ಯ ಉಂಟು."

ಅಮ್ಮ ಸ್ವಲ್ಪ ಯೋಚಿಸಿದರು. "ಸ್ವಲ್ಪ ದಿನ ಆದ್ರೆ ಆದೀತು," ಎಂದರು.

ಆಪರೇಷನ್ ಆಯಿತು. ಸೊಸೆ ಹಿಡಿದುಕೊಂಡಳು, ಅಮ್ಮ ದಿನವೂ ಅವಳಿಗೆ ಬೈದುಕೊಂಡೇ ಮಿಂದರು, ಆಮೇಲೆ ಒಂದು ದಿನ ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಬಿತ್ತು. ಹೊರಗೆ ನಿಂತಿದ್ದ ಸೊಸೆ ಆ ಸದ್ದು ಕೇಳಿ ನನಗೆ ಫೋನು ಮಾಡಿದ್ದಳು. ದೀಪಾವಳಿ ಕಳೆದು ತುಂಬ ದಿನಗಳ ಮೇಲೆ ಅಮ್ಮ ಕಂಕನಾಡಿ ಮಾರ್ಕೆಟಿಗೂ ಬಂದರು, ಬಸ್ಸಿನಲ್ಲಲ್ಲ, ಆಟೋದಲ್ಲಿ. ಮೀನಿನವಳು ಇಷ್ಟು ದಿನ ಎಲ್ಲಿಗೆ ಹೋಗಿದ್ರಿ ಎಂದು ಕೇಳುವುದಕ್ಕೂ ಅಮ್ಮ ಬಂಗುಡೆಯ ಕಿವಿರು ಎತ್ತುವುದಕ್ಕೂ ಸರಿಯಾಯಿತು.

ಫೋನುಗಳನ್ನು ಬೇರೆಬೇರೆ ಮಾಡುವ ಕೆಲಸ ನಾನು ವಹಿಸಿಕೊಂಡೆ. ತಮ್ಮನ ಹೆಂಡತಿಗೆ ಅವಳದೇ ಈಮೇಲು ಮಾಡಿಕೊಟ್ಟೆ. ಫೋಟೋ ಒಂದೂ ಹೋಗಲಿಲ್ಲ. ಅಮ್ಮನದಕ್ಕೆ ಕೈ ಹಾಕಿದಾಗ ಅವರು ಫೋನನ್ನು ಹಿಂದಕ್ಕೆ ಎಳೆದುಕೊಂಡರು. "ಇದು ಇರಲಿ. ಅವನ ಮುಖ ಇರಲಿ," ಎಂದರು. ಅದರಿಂದ ಆಗುವ ತೊಂದರೆಯನ್ನೆಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿ, ಅರ್ಥ ಆಯಿತು ಎಂದು ಹೇಳಿ, ಫೋನನ್ನು ದಿಂಬಿನ ಅಡಿಗೆ ಇಟ್ಟುಕೊಂಡರು.

ಮೊನ್ನೆ ಭಾನುವಾರ ಊಟಕ್ಕೆ ಕೂತಿದ್ದೆವು. ತಮ್ಮನ ಕಾಲ್ ಬಂತು, ಅದೂ ಅಮ್ಮನಿಗೇ ನೇರ. ಅಮ್ಮ ಎಂಜಲು ಕೈಯನ್ನು ದೂರ ಹಿಡಿದು ಎಡಗೈಯಲ್ಲಿ ಎತ್ತಿದರು.

"ಅಮ್ಮ, ನಿಮಗೆ ನಿದ್ದೆ ಬರುವುದಿಲ್ವಾ?" ಎಂದ ಅವನು. "ನನಗೆ ಎರಡು ದಿನದಿಂದ ನಿದ್ದೆಯ ಗುಳಿಗೆ, ದಿಂಬು, ಇದರದ್ದೇ ಜಾಹೀರಾತು ಬರ್ತಾ ಉಂಟು."

ಅಮ್ಮ ಫೋನನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ತಿರುಗಿದರು.

"ನಾನು ಹೇಳಿದ್ದೆ ಅಲ್ವಾ ನಿನಗೆ," ಎಂದರು, "ಅವನಿಗೆ ಮುಟ್ತದೆ ಅಂತ."