ಸಾಲ ತೀರುವ ತನಕ ತಿನ್ನದ ರೊಟ್ಟಿ

ಆಳಂದದ ನಮ್ಮ ಓಣಿಯ ಹೆಂಗಸರು ಕೂಡಿ ಬಡ್ಡಿಯಿಲ್ಲದ ಸಾಲ ಕೊಡುವ ಸಂಘ ನಡೆಸುತ್ತೇವೆ. ನಮ್ಮ ದೀನಿನಲ್ಲಿ, ಅಂದರೆ ಇಸ್ಲಾಂ ಧರ್ಮದಲ್ಲಿ, ಬಡ್ಡಿ ಹರಾಮು. ಜಾತಿ ಮತ ಕೇಳುವುದಿಲ್ಲ. ಒಲೆ ಉರಿಯದ ಮನೆಗೆ ಮೊದಲು. ಕಂತು ತರಲು ಸರಸಂಬಾಕ್ಕೆ ಹೋಗುತ್ತಿದ್ದವಳು ನಾನು, ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವಳು.

ಅಲ್ಲಿ ಊರ ಹೊರಗಿನ ಓಣಿಯಲ್ಲಿ ಗಂಡ ಸತ್ತ ಹೆಂಗಸೊಬ್ಬಳು ನಮ್ಮ ಸಾಲದಿಂದ ಜೋಳ, ಹಂಚು ಕೊಂಡು ರೊಟ್ಟಿ ಬಡಿಯುತ್ತಿದ್ದಳು. ಸ್ವಂತ ಊರಿನವರು ಆ ಓಣಿಯ ನೀರೂ ಮುಟ್ಟುವವರಲ್ಲ. ಹಾಗಾಗಿ ಆಳಂದದ ಖಾನಾವಳಿಗೆ ಕೊಡುತ್ತಿದ್ದಳು. ಅಲ್ಲಿ ಬಡಿದವರು ಯಾರೆಂದು ಯಾರೂ ಕೇಳುವುದಿಲ್ಲ.

ಆಕೆಗಿದ್ದದ್ದು ಒಂದೇ ಆಸೆ, ನಾನು ಆಕೆಯ ಮನೆಯಲ್ಲಿ ಉಣ್ಣಬೇಕು.

"ಬಿಸಿ ರೊಟ್ಟಿ ಅದ ರೀ ಅಕ್ಕಾರ. ಒಂದ್ ತುತ್ತು ತಿಂದು ಹೋಗ್ರಿ."

"ಬ್ಯಾಡಬೇ. ಹೊತ್ತಾಗ್ಯದ."

ಪ್ರತಿ ವಾರ ಇದೇ ಮಾತು. ಸಾಲ ತೀರುವ ತನಕ ಸಾಲಗಾರರ ಮನೆಯ ಚಹಾ ಕೂಡ ನಾವು ಮುಟ್ಟುವುದಿಲ್ಲ, ಅದೂ ಬಡ್ಡಿಯೇ. ನಮ್ಮ ಓಣಿಯಲ್ಲಿ ಇದು ಕೂಸಿಗೂ ಗೊತ್ತು. ಆಕೆಗೂ ಗೊತ್ತಿರುತ್ತದೆ ಎಂದುಕೊಂಡಿದ್ದೆ. ಕಡೆಯ ಕಂತಿನ ದಿನ ಹೊಟ್ಟೆ ತುಂಬ ಉಂಡು ಬರೋಣ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಬರಬರುತ್ತ ಆಕೆ ಕರೆಯುವುದನ್ನೇ ಬಿಟ್ಟಳು. ಸದ್ಯ, ಪೀಡೆ ತಪ್ಪಿತು ಅಂದುಕೊಂಡೆನಲ್ಲ, ನನ್ನ ಬುದ್ಧಿಗಿಷ್ಟು!

ಎರಡು ಕಂತು ಉಳಿದಿದ್ದಾಗ ಜ್ವರ ಬಂದು ಆಕೆ ತೀರಿಕೊಂಡಳು. ಸಂಘ ಉಳಿದದ್ದನ್ನು ಮಾಫಿ ಮಾಡಿತು. ಅದನ್ನು ಹೇಳಲು ಮೂರನೇ ದಿನ ಹೋದೆ. ಕೊಟ್ಟ ಮನೆಯಿಂದ ಬಂದಿದ್ದ ಮಗಳು ಚಾಪೆ ಹಾಸಿ, ದೂರ ನಿಂತಳು.

"ನೀರು ಬೇಕೇನಂತ ಕೇಳಾಂಗಿಲ್ಲ ರೀ, ತಪ್ಪು ತಿಳಿಬ್ಯಾಡ್ರಿ. ನಮ್ಮ ಕೈದು ನೀವು ಮುಟ್ಟಂಗಿಲ್ಲ ಅಂತ ಅವ್ವ ಹೇಳ್ಯಾಳ. 'ಊರ ಮಂದಿ ಹಂಗೇ ಅಕ್ಕಾರೂ. ಆದ್ರೂ ರೊಕ್ಕ ಕೊಟ್ಟು ನನ್ನ ಒಲಿ ಹಚ್ಚಿಸ್ಯಾರ, ಅವರಿಗೇನೂ ಅನಬ್ಯಾಡ' ಅಂತಿದ್ಲು."

ಯಾ ಅಲ್ಲಾ! ಹಾಗಲ್ಲವ್ವಾ, ಅದು ಬಡ್ಡಿಯ ಮಾತು ಎಂದು ಬಿಡಿಸಿ ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಎಂಟು ತಿಂಗಳು ಹೇಳದ ಮಾತು.

"ಒಂದು ರೊಟ್ಟಿ ಕೊಡಬೇ ನನಗ," ಅಂದೆ.

"ಸತ್ತ ಮನಿ ರೀ ಅಕ್ಕಾರ. ಒಲಿ ಹಚ್ಚಿಲ್ಲ."

ನೀರು ಕೇಳಿದೆ. ಮಗಳು ಅವ್ವನ ಕೊಡದಿಂದಲೇ ತುಂಬಿ ತಂದಳು. ಒಂದು ಹನಿ ಬಿಡದೆ ಕುಡಿದೆ. ನಾನು ಕುಡಿಯುವುದನ್ನು ನೋಡಬೇಕಾದವಳು ಮಣ್ಣಿಗೆ ಹೋಗಿ ಮೂರು ದಿನವಾಗಿತ್ತು.