ಪಥ್ಯದ ನಾಯಿಗೆ ಕಾವಲು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಪರೀಕ್ಷೆಯ ಕೋಣೆಗೆ ನಾನು ಕಾಲಿಟ್ಟರೆ ಮಕ್ಕಳ ಕಿಸೆಯೊಳಗಿನ ಚೀಟಿಯೂ ಬೆವರುತ್ತದೆ ಎಂದು ಸಹೋದ್ಯೋಗಿಗಳು ತಮಾಷೆ ಮಾಡುತ್ತಿದ್ದರು. ನಿವೃತ್ತಳಾಗಿ ಬೆಳುವಾಯಿಯ ಮನೆಯಲ್ಲಿ ಕುಳಿತ ಮೇಲೂ ಆ ಕಣ್ಣು ನನ್ನನ್ನು ಬಿಟ್ಟಿರಲಿಲ್ಲ. ಕಳೆದ ವರ್ಷ ನಮ್ಮ ನಾಯಿ ಹೊಟ್ಟೆಯ ಕಾಯಿಲೆಗೆ ಬಿದ್ದಾಗ ಆ ಕಣ್ಣಿಗೆ ಮತ್ತೆ ಕೆಲಸ ಸಿಕ್ಕಿತು.

ಎಂಟು ವರ್ಷದ ಕಂದು ಬಣ್ಣದ ಊರ ನಾಯಿ. ವಾಂತಿ ಮಾಡಿಕೊಂಡಿತು, ಜಿಡ್ಡು ಜಿಡ್ಡಾಗಿ ಭೇದಿಯಾಯಿತು, ಹೊಟ್ಟೆ ನೋವಿಗೆ ಬೆನ್ನು ಬಾಗಿಸಿ ನಿಲ್ಲತೊಡಗಿತು. ರಿಕ್ಷಾದಲ್ಲಿ ಮೂಡುಬಿದಿರೆಯ ಪಶುವೈದ್ಯರ ಬಳಿಗೆ ಒಯ್ದೆವು. ಅವರು ರಕ್ತ ಪರೀಕ್ಷೆ ಮಾಡಿಸಿ, ಮೇದೋಜೀರಕ ಗ್ರಂಥಿಗೆ ಉರಿಯೂತ ಬಂದಿದೆ ಎಂದರು. ಡ್ರಿಪ್ಸ್, ಇಂಜೆಕ್ಷನ್ ಎಲ್ಲ ಆದ ಮೇಲೆ ಪಥ್ಯ ಹೇಳಿದರು. ಬೆಳ್ತಿಗೆ ಅಕ್ಕಿಯ ಬಿಳಿ ಅನ್ನ, ಚರ್ಮ ಸುಲಿದ ಕೋಳಿಯ ಎದೆಭಾಗ, ಒಂದಿಷ್ಟು ಸಿಹಿಗುಂಬಳ. ಎಲ್ಲವನ್ನೂ ಬರೀ ನೀರಿನಲ್ಲಿ ಬೇಯಿಸಿ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪವೇ ಕೊಡಬೇಕು.

"ಕೊಬ್ಬಿನ ಅಂಶ ಹೊಟ್ಟೆಗೆ ಹೋಗಲೇಬಾರದು ಟೀಚರ್. ಎಣ್ಣೆ, ತೆಂಗಿನಕಾಯಿ, ಮೀನಿನ ತಲೆ ಯಾವುದೂ ಬೇಡ. ಹೀಗೇ ಮತ್ತೆ ಮತ್ತೆ ಬಂದರೆ ಉಳಿಸುದು ಕಷ್ಟ ಉಂಟು."

ನಾನು ಅನ್ನವನ್ನೂ ಮಾಂಸವನ್ನೂ ತೂಗಿಯೇ ಕೊಟ್ಟೆ. ಮಾತ್ರೆ ಒಂದು ಹೊತ್ತೂ ತಪ್ಪಿಸಲಿಲ್ಲ. ಆದರೂ ವಾರ ಕಳೆಯುವಷ್ಟರಲ್ಲಿ ಮತ್ತೆ ಭೇದಿ. ಪಕ್ಕೆಲುಬು ಎಣಿಸುವ ಹಾಗಾಯಿತು. "ಯಾರಾದರೂ ಏನಾದರೂ ಹಾಕ್ತಾರಾ ನೋಡಿ" ಎಂದರು ವೈದ್ಯರು. ನನಗೆ ಅಷ್ಟು ಸಾಕಾಯಿತು.

ಮೊದಲ ಆರೋಪಿ ನನ್ನ ಗಂಡ. ತಟ್ಟೆಯಿಂದ ಒಂದು ತುತ್ತು ನಾಯಿಗೆ ಹಾಕದಿದ್ದರೆ ಅವರಿಗೆ ಉಂಡ ಹಾಗೆ ಆಗುವುದಿಲ್ಲ. ಅವರ ಊಟವಾದ ಕೂಡಲೇ ನಾನು ನಾಯಿಯ ಬಾಯಿ ಮೂಸುತ್ತಿದ್ದೆ, ಆಮೇಲೆ ಅವರ ಕೈಬೆರಳನ್ನು. "ಇನ್ನು ನನ್ನ ಕುತ್ತಿಗೆಗೂ ಒಂದು ಬೆಲ್ಟ್ ಕಟ್ಟು ಮಾರಾಯ್ತಿ" ಎಂದು ಸಿಟ್ಟಾಗಿ, ಅವರು ಕೋಣೆಯ ಬಾಗಿಲು ಹಾಕಿಕೊಂಡು ಉಣ್ಣತೊಡಗಿದರು. ನಾಯಿಯನ್ನು ಹೊರಗೇ ಬಿಟ್ಟು ಉಂಡರೂ ಭೇದಿ ನಿಲ್ಲಲಿಲ್ಲ. ಹಾಗಾಗಿ ಅವರನ್ನು ಆರೋಪದಿಂದ ಬಿಟ್ಟೆ.

ಉಳಿದವಳು ಆಚೆ ಮನೆಯವಳು. ಅವಳ ಜಗಲಿ ನಮ್ಮ ಜಗಲಿಗೆ ನೇರ ಎದುರು, ನಡುವೆ ಸೊಂಟದೆತ್ತರದ ಪಾಗಾರದ ಗೋಡೆ. ಬೆಳಿಗ್ಗೆಯಿಂದ ಮಡಿಲಲ್ಲಿ ಎಲೆ, ಹೊಗೆಸೊಪ್ಪಿನ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಾಳೆ. ಮನೆಯಲ್ಲಿ ದಿನಾ ಮೀನು. ನಮ್ಮ ನಾಯಿ ಅವಳನ್ನು ಕಂಡರೆ ಬಾಲ ಅಲ್ಲಾಡಿಸುತ್ತಿತ್ತು. ಸುಮ್ಮನೆ ಯಾಕೆ ಅಲ್ಲಾಡಿಸುತ್ತದೆ?

ಕಾವಲಿಗೆ ನನಗೆ ಒಳ್ಳೆಯ ಜಾಗ ಇತ್ತು. ಆ ವರ್ಷ ಮಂಡಿನೋವು ಜೋರಾಗಿ, ಬೆಳಿಗ್ಗೆ ತೈಲ ಹಚ್ಚಿ ಜಗಲಿಯ ಬಿಸಿಲಿಗೆ ಕಾಲು ಚಾಚಿ ಕೂರುವುದನ್ನು ಹೊಸದಾಗಿ ಶುರುಮಾಡಿದ್ದೆ. ಅದೇ ಕುರ್ಚಿಯಿಂದ ರೆಪ್ಪೆ ಬಡಿಯದೆ ಅವಳನ್ನು ನೋಡುತ್ತಿದ್ದೆ. ನಾಯಿ ಪಕ್ಕದಲ್ಲಿ ಮಲಗಿ ನನ್ನ ಮಂಡಿ ನೆಕ್ಕುತ್ತಿತ್ತು. ಎಂಟು ವರ್ಷದಲ್ಲಿ ಅದು ಹಾಗೆ ಮಾಡಿದ್ದೇ ಇಲ್ಲ. ಕಾಯಿಲೆ ಬಿದ್ದ ಮೇಲೆ ನನ್ನ ಮೇಲೆ ಪ್ರೀತಿ ಹೆಚ್ಚಾಗಿದೆ ಎಂದುಕೊಂಡೆ. "ನನ್ನ ನೋವು ಇದಕ್ಕೆ ಗೊತ್ತಾಗ್ತದೆ" ಎಂದು ಫೋನಿನಲ್ಲಿ ತಂಗಿಗೆ ಹೇಳಿ ಕಣ್ಣೊರೆಸಿಕೊಂಡದ್ದೂ ಉಂಟು.

ಮೂರನೆಯ ಸಲ ಕಾಯಿಲೆ ಮರುಕಳಿಸಿದಾಗ ನಾಯಿಗೆ ಎದ್ದು ನಿಲ್ಲಲಾಗಲಿಲ್ಲ. ನಾನು ನೆಟ್ಟಗೆ ಗೋಡೆಯ ಬಳಿಗೆ ಹೋದೆ.

"ನಿನ್ನ ಮೀನಿನ ಕಸ ತಿಂದು ನನ್ನ ನಾಯಿ ಸಾಯ್ತಾ ಉಂಟು. ನಿಜ ಹೇಳು, ಏನು ಹಾಕ್ತೀ ಅದಕ್ಕೆ?"

ಅವಳ ಕೈ ನಿಂತಿತು. "ನಾನು ಏನೂ ಹಾಕುದಿಲ್ಲ ಟೀಚರೆ. ಪಥ್ಯ ಅಂತ ನೀವು ಹೇಳಿದ ದಿನದಿಂದ ಮೀನಿನ ಕಸ ಹಿತ್ತಲಲ್ಲಿ ಹೂಳ್ತೇನೆ. ಬೇಕಾದರೆ ಬಂದು ಅಗೆದು ನೋಡಿ."

ಬೀಡಿಗೆ ನೂಲು ಸುತ್ತಿ ಮುಗಿಸಿದ ಮೇಲೆ ಮತ್ತೆ ತಲೆ ಎತ್ತಿದಳು. "ನೀವು ದಿನಾ ನನ್ನನ್ನು ನೋಡ್ತೀರಿ. ನಾನೂ ನಿಮ್ಮನ್ನು ನೋಡ್ತೇನೆ. ಆ ಕಾಲಿಗೆ ಹಚ್ಚುದು ಎಣ್ಣೆ ಅಲ್ಲವಾ? ಅರ್ಧ ಗಂಟೆ ನೆಕ್ಕುತ್ತದಲ್ಲ ಅದು."

ಒಳಗೆ ಹೋಗಿ ಬಾಟಲಿಯ ಮೇಲಿನ ಚೀಟಿ ಓದಿದೆ. ಮೊದಲ ಹೆಸರು ಎಳ್ಳೆಣ್ಣೆ, ಎರಡನೆಯದು ತೆಂಗಿನೆಣ್ಣೆ.

ನಾಯಿಯನ್ನೂ ಬಾಟಲಿಯನ್ನೂ ಎತ್ತಿಕೊಂಡು ಮೂಡುಬಿದಿರೆಗೆ ಓಡಿದೆವು. ವೈದ್ಯರು ಚೀಟಿಯನ್ನು ಎರಡು ಸಲ ಓದಿದರು. "ಇದೇ ಇರಬಹುದು. ಬೇರೆ ಮದ್ದೂ ಸೇರಿದೆ ಇದರಲ್ಲಿ. ಇದನ್ನು ನಿಲ್ಲಿಸಿ ನೋಡುವ" ಎಂದರು. ನಾಯಿಯ ಕಾಲಿಗೆ ಮತ್ತೆ ಸೂಜಿ ಚುಚ್ಚಿದರು. ನಾನು ಹೊರಗಿನ ಬೆಂಚಿನಲ್ಲಿ ಕೂತು ಗಟ್ಟಿಯಾಗಿ ಅತ್ತೆ. ಬೈಯಲು ಬೇರೆ ಯಾರೂ ಉಳಿದಿರಲಿಲ್ಲ.

ಆಮೇಲೆ ತೈಲ ಹಚ್ಚುವುದು ಬಚ್ಚಲಮನೆಯ ಚಿಲಕ ಹಾಕಿಕೊಂಡು. ಹೊರಗೆ ಬರುವ ಮೊದಲು ಸೋಪು ಹಾಕಿ ತಿಕ್ಕಿ ತೊಳೆಯುತ್ತೇನೆ. ಎರಡು ವಾರದಲ್ಲಿ ಭೇದಿ ನಿಂತಿತು. ಈಗ ಪಕ್ಕೆಲುಬು ಕಾಣುವುದಿಲ್ಲ. ಪಥ್ಯ ಮಾತ್ರ ಜೀವನಪೂರ್ತಿ ಎಂದಿದ್ದಾರೆ ವೈದ್ಯರು.

ಆಚೆ ಮನೆಯವಳಿಗೆ "ತಪ್ಪಾಯಿತು" ಎಂದೆ. ಆ ಮಾತು ನನ್ನ ಬಾಯಿಗೆ ಅಭ್ಯಾಸವಿಲ್ಲ. "ಆಯ್ತು ಬಿಡಿ ಟೀಚರೆ" ಎಂದು ಅವಳು ಎಲೆ ಸುರುಟತೊಡಗಿದಳು.

ಬೆಳಿಗ್ಗೆ ತೊಳೆದ ಕಾಲನ್ನು ಬಿಸಿಲಿಗೆ ಚಾಚಿ ಈಗಲೂ ಅದೇ ಕುರ್ಚಿಯಲ್ಲಿ ಕೂರುತ್ತೇನೆ. ನಾಯಿ ಬಂದು ಮಂಡಿಯನ್ನು ಒಂದು ಸಲ ಮೂಸುತ್ತದೆ. ನನ್ನ ಮುಖ ನೋಡುತ್ತದೆ. ಆಮೇಲೆ ತುಳಸಿಕಟ್ಟೆಯ ನೆರಳಿಗೆ ಹೋಗಿ ಮಲಗುತ್ತದೆ. ಅದು ಬದುಕಿದ್ದಕ್ಕೆ ಸಂತೋಷವಿದೆ, ಆದರೂ ಅದು ಹೋದ ಕಡೆಯನ್ನೇ ನೋಡುತ್ತಾ ಕೂರುತ್ತೇನೆ.

"ಇವತ್ತೂ ನೆಕ್ಕಲಿಲ್ಲವಾ ಟೀಚರೆ?" ಎಂದು ಗೋಡೆಯಾಚೆಯಿಂದ ಕೇಳುತ್ತಾಳೆ ಅವಳು.

"ಇಲ್ಲ" ಎನ್ನುತ್ತೇನೆ. ಕಾಲನ್ನು ಮಾತ್ರ ಇನ್ನೂ ಹಿಂದಕ್ಕೆ ಎಳೆದುಕೊಂಡಿಲ್ಲ.